ಆಯಿಯ ಥೈರಾಯ್ಡ್ ತಪಾಸಣೆಗೆ ಮುನ್ನ

ಸಿಂದಗಿ, ತಾಳಿಕೋಟೆ, ಮುದ್ದೇಬಿಹಾಳದ ಕಡೆಯಿಂದ ವಿಜಯಪುರಕ್ಕೆ ಬರುವ ನಸುಕಿನ ಬಸ್ಸುಗಳಲ್ಲಿ ದವಾಖಾನೆಗೆ ಹೊರಟ ಹಿರಿಯರು ಇದ್ದೇ ಇರುತ್ತಾರೆ. ರಕ್ತ ತಪಾಸಣೆ ಎಂದರೆ ಹೊಟ್ಟೆ ಖಾಲಿ ಇರಲೇಬೇಕು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಎಪ್ಪತ್ತು ದಾಟಿದ ಆಯಿಗೆ ಹಿಂದಿನ ರಾತ್ರಿಯ ರೊಟ್ಟಿಯೇ ಕೊನೆ. ಬೆಳಗಿನ ಚಹಾ ಇಲ್ಲ, ಎಷ್ಟೋ ಸಲ ಗುಟುಕು ನೀರನ್ನೂ ಕೊಡುವುದಿಲ್ಲ.

ಥೈರಾಯ್ಡ್ ತಪಾಸಣೆಯೊಂದಕ್ಕೇ ಆದರೆ ಈ ಉಪವಾಸ ಕಡ್ಡಾಯವಲ್ಲ. ಅದರ ಜೊತೆಗೆ ಸಕ್ಕರೆ, ಕೊಬ್ಬಿನ ತಪಾಸಣೆಯನ್ನೂ ಬರೆದುಕೊಟ್ಟಿದ್ದರೆ ಮಾತ್ರ ಎಂಟರಿಂದ ಹನ್ನೆರಡು ತಾಸು ಊಟ ಬಿಡಬೇಕಾಗುತ್ತದೆ. ಆಗಲೂ ನೀರು ಕುಡಿಯಬಹುದು, ಕುಡಿಯಲೇಬೇಕು. ನೀರು ಕಡಿಮೆಯಾದ ಮುದಿ ದೇಹದಲ್ಲಿ ನರ ಸಿಗುವುದೇ ಕಷ್ಟ. ಇನ್ನು ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿಯೋ ಇನ್ಸುಲಿನ್ ಚುಚ್ಚಿಸಿಕೊಂಡೋ ಬರಿಹೊಟ್ಟೆಯಲ್ಲಿ ಬಸ್ಸು ಹತ್ತಿದರೆ ದಾರಿಯಲ್ಲೇ ಸಕ್ಕರೆ ಕುಸಿದು ತಲೆ ತಿರುಗಬಹುದು. ಆ ವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಬೆಳಗಿನ ಗುಳಿಗೆಯನ್ನು ಯಾವಾಗ ಕೊಡಬೇಕು ಎಂದು ಹಿಂದಿನ ದಿನವೇ ವೈದ್ಯರನ್ನು ಕೇಳಿಕೊಳ್ಳಬೇಕು.

ಈ ತಪಾಸಣೆಯಲ್ಲಿ ಮುಖ್ಯವಾಗಿ ಅಳೆಯುವುದು ಟಿಎಸ್‌ಎಚ್ ಅನ್ನು. ಇದು ಥೈರಾಯ್ಡ್ ಗ್ರಂಥಿಯಿಂದ ಹುಟ್ಟುವುದಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು. ಹೊಲದ ಆಚೆ ತುದಿಯಲ್ಲಿರುವ ಆಳಿಗೆ ಬದುವಿನ ಮೇಲೆ ನಿಂತು ಕೂಗು ಹಾಕಿದಂತೆ ಅದರ ಕೆಲಸ. ಥೈರಾಯ್ಡ್ ಮಂದವಾದರೆ ಕೂಗು ಏರುತ್ತದೆ, ಚುರುಕು ಹೆಚ್ಚಾದರೆ ಇಳಿಯುತ್ತದೆ. ಥೈರಾಯ್ಡ್ ತಯಾರಿಸುವ ಟಿ4 ಹಾರ್ಮೋನು ರಕ್ತದಲ್ಲಿ ತುಸುವೇ ತಗ್ಗಿದರೂ ಟಿಎಸ್‌ಎಚ್ ಹಲವು ಪಟ್ಟು ಏರಿಬಿಡುತ್ತದೆ. ಇಷ್ಟು ಸೂಕ್ಷ್ಮವಾದದ್ದರಿಂದಲೇ ಅದನ್ನು ಮೊದಲು ಅಳೆಯುತ್ತಾರೆ, ಅದೇ ಕಾರಣಕ್ಕೆ ಸಣ್ಣಪುಟ್ಟ ಸಂಗತಿಗಳಿಂದಲೂ ಅದು ಅಲುಗಾಡುತ್ತದೆ. ರಾತ್ರಿ ಏರಿ, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಗಡಿಯಲ್ಲಿರುವವರ ಬೆಳಗಿನ ವರದಿಯಲ್ಲಿ ಹೆಚ್ಚು ಎಂದು ಬಂದದ್ದು ಮಧ್ಯಾಹ್ನ ಸರಿ ಎಂದು ಬರಬಹುದು. ಆದ್ದರಿಂದ ಹಳೆಯ ವರದಿಯ ಜೊತೆ ಹೋಲಿಸಬೇಕೆಂದರೆ ಪ್ರತಿ ಸಲವೂ ಅದೇ ಪ್ರಯೋಗಾಲಯ, ಹೆಚ್ಚುಕಡಿಮೆ ಅದೇ ಹೊತ್ತು ಇರಲಿ.

ಈಗಾಗಲೇ ಥೈರಾಯ್ಡ್ ಗುಳಿಗೆ, ಅಂದರೆ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರು ಆ ದಿನ ಮೊದಲು ರಕ್ತ ಕೊಟ್ಟು ಆಮೇಲೆ ಗುಳಿಗೆ ನುಂಗುವುದು ಒಳ್ಳೆಯದು. ನುಂಗಿದ ಮುಂದಿನ ಕೆಲವು ತಾಸು ರಕ್ತದಲ್ಲಿ ಟಿ4 ಮಟ್ಟ ತಾತ್ಕಾಲಿಕವಾಗಿ ಮೇಲೇರಿರುತ್ತದೆ. ಇದಕ್ಕಿಂತ ದೊಡ್ಡ ಗೊಂದಲ ಬೇರೆಯದು. ತಿಂಗಳುಗಟ್ಟಲೆ ಗುಳಿಗೆ ಮರೆತವರು ತಪಾಸಣೆಗೆ ಒಂದು ವಾರ ಇರುವಾಗ ಶ್ರದ್ಧೆಯಿಂದ ನುಂಗತೊಡಗುತ್ತಾರೆ. ಈ ಔಷಧದ ಅರ್ಧದಷ್ಟು ದೇಹದಿಂದ ಕರಗಲು ಸುಮಾರು ಏಳು ದಿನ ಬೇಕು. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನೆಲೆಗೊಳ್ಳಲು ಆರರಿಂದ ಎಂಟು ವಾರವೇ ಬೇಕು. ಹಾಗಾಗಿ ಟಿ4 ಸರಿ ಇದ್ದು ಟಿಎಸ್‌ಎಚ್ ಹೆಚ್ಚಿರುವ ವಿಚಿತ್ರ ವರದಿ ಬರುತ್ತದೆ. ವೈದ್ಯರು ಗುಳಿಗೆ ಸಾಲದೆಂದು ಪ್ರಮಾಣ ಏರಿಸಿದರೆ, ಮುಂದೆ ಅದನ್ನು ನಿಯಮಿತವಾಗಿ ನುಂಗುವ ಮುದುಕರ ಎದೆಬಡಿತ ತಾಳ ತಪ್ಪಬಹುದು, ಎಲುಬು ಸವೆಯಬಹುದು. ಬಿಟ್ಟದ್ದನ್ನು ಬಿಟ್ಟೆ ಎಂದು ಹೇಳಿದರೆ ಯಾವ ವೈದ್ಯರೂ ಗದರುವುದಿಲ್ಲ. ಗದರಿದರೂ ಹೇಳಲೇಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆಗಳನ್ನು ಥೈರಾಯ್ಡ್ ಗುಳಿಗೆಯ ಜೊತೆಗೇ ನುಂಗುವವರೂ ಅದನ್ನು ತಿಳಿಸಬೇಕು. ಇವೆರಡೂ ಥೈರಾಯ್ಡ್ ಗುಳಿಗೆಯನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ. ನಾಲ್ಕು ತಾಸಿನ ಅಂತರ ಬೇಕು.

ಕೂದಲು ಉದುರುತ್ತದೆಂದು ಮೊಮ್ಮಗಳು ತರಿಸಿಕೊಟ್ಟ ಗುಳಿಗೆಯನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ. ಅದರಲ್ಲಿರುವ ಬಯೋಟಿನ್ ಒಂದು ವಿಟಮಿನ್. ದಿನಕ್ಕೆ ನಮಗೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ. ಇಂಥ ಗುಳಿಗೆಗಳಲ್ಲಿ 5 ಅಥವಾ 10 ಮಿಲಿಗ್ರಾಂವರೆಗೂ, ಅಂದರೆ ನೂರಾರು ಪಟ್ಟು ಇರುತ್ತದೆ. ಇದರಿಂದ ಥೈರಾಯ್ಡ್‌ಗೆ ತೊಂದರೆಯಿಲ್ಲ, ತೊಂದರೆ ಯಂತ್ರಕ್ಕೆ. ಹಲವು ಪ್ರಯೋಗಾಲಯಗಳ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ ಕೊಂಡಿಯನ್ನೇ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿಕೊಂಡಿದ್ದರೆ ಲೆಕ್ಕ ತಪ್ಪಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಎಂದು ತೋರಿಸುತ್ತದೆ. ಆರೋಗ್ಯವಂತರ ವರದಿಯೂ ಥೈರಾಯ್ಡ್ ಅತಿ ಚುರುಕಾದವರ ವರದಿಯಂತೆ ಕಾಣುತ್ತದೆ! ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಹೃದಯದ, ರಕ್ತದೊತ್ತಡದ ಗುಳಿಗೆಗಳನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಎದೆಬಡಿತಕ್ಕೆ ಕೊಡುವ ಅಮಿಯೊಡರೋನ್‌ನಲ್ಲಿ ತೂಕದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಅಯೋಡಿನ್ ಇರುವುದರಿಂದ ಅದು ಥೈರಾಯ್ಡ್ ಅನ್ನು ಕೆಡಿಸಬಲ್ಲದು. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಕೂಡ ಥೈರಾಯ್ಡ್ ಅನ್ನು ಕೆಡಿಸಬಲ್ಲದು. ನುಂಗುವ ಎಲ್ಲ ಗುಳಿಗೆಗಳ ಚೀಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸುವುದೇ ಸುಲಭ.

ನ್ಯುಮೋನಿಯಾದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಈಗಷ್ಟೇ ಎದ್ದವರಲ್ಲಿ ಈ ಅಂಕಿಗಳು ಏರುಪೇರಾಗಿರುತ್ತವೆ. ತುರ್ತಿಲ್ಲದಿದ್ದರೆ ಸುಮಾರು ಆರು ವಾರ ತಡೆದು ಮಾಡಿಸಬಹುದು.

ವರದಿ ಕೈಗೆ ಬಂದಾಗ ವಯಸ್ಸನ್ನು ಮರೆಯಬಾರದು. ಅದರಲ್ಲಿ ಟಿಎಸ್‌ಎಚ್‌ನ ಮೇಲಿನ ಮಿತಿ ಸಾಮಾನ್ಯವಾಗಿ 4ರಿಂದ 5ರ ಆಸುಪಾಸು ಅಚ್ಚಾಗಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಥೈರಾಯ್ಡ್ ರೋಗವಿಲ್ಲದ 80 ದಾಟಿದವರಲ್ಲಿ ಈ ಮಿತಿ 7.5ರ ಹತ್ತಿರ ಇತ್ತು. 2017ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಟಿಎಸ್‌ಎಚ್ ಹೆಚ್ಚಿದ್ದು ಟಿ4 ಸರಿಯಾಗಿದ್ದ 65 ಮೀರಿದ 737 ಜನರಲ್ಲಿ ಕೆಲವರಿಗೆ ಲೆವೊಥೈರಾಕ್ಸಿನ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟರು. ಒಂದು ವರ್ಷದ ನಂತರವೂ ದಣಿವಿನಲ್ಲಾಗಲಿ ಇತರ ಲಕ್ಷಣಗಳಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಟಿಎಸ್‌ಎಚ್ 10 ದಾಟಿ, ಟಿ4 ಕೂಡ ಇಳಿದಿದ್ದರೆ ಮಾತು ಬೇರೆ. ಅಲ್ಲಿ ಚಿಕಿತ್ಸೆ ಬೇಕೇ ಬೇಕು. ಎಂಬತ್ತರ ಮುತ್ಯಾನ ವರದಿಯಲ್ಲಿ 6 ಎಂದು ಬಂದು, ಅದರ ಮುಂದೆ ದಪ್ಪಕ್ಷರದಲ್ಲಿ ಹೆಚ್ಚು ಎಂದು ಅಚ್ಚಾಗಿದ್ದರೆ, ಜೀವನಪರ್ಯಂತದ ಗುಳಿಗೆ ಶುರುಮಾಡುವ ಮೊದಲು ಎರಡು ಮೂರು ತಿಂಗಳು ಬಿಟ್ಟು ಟಿ4 ಸಹಿತ ಇನ್ನೊಮ್ಮೆ ತಪಾಸಣೆ ಮಾಡಿಸಬಹುದೇ ಎಂದು ಮನೆಯವರು ವೈದ್ಯರನ್ನು ಕೇಳಬೇಕು.