ಗೋಚರತೆ: ಮೆರವಣಿಗೆಯಲ್ಲಷ್ಟೇ ಅಲ್ಲ, ಊಟದ ಡಬ್ಬಿಯ ಮುಂದೆಯೂ

ಗೇ ಹಕ್ಕುಗಳ ಮಾತು ಬಂದಾಗೆಲ್ಲ ‘ಗೋಚರತೆ’ ಅನ್ನೋ ಪದ ಕಿವಿಗೆ ಬೀಳುತ್ತೆ. ಸುಮಾರು ಜನ ಇದನ್ನು ಕಾಮನಬಿಲ್ಲಿನ ಬಾವುಟ, ಬೆಂಗಳೂರಿನ ಪ್ರೈಡ್ ಮೆರವಣಿಗೆ ಅಂತಷ್ಟೇ ಅಂದುಕೊಂಡಿದ್ದಾರೆ. ಅದೂ ಹೌದು. ಆದರೆ ಮನಸ್ಸು ಬದಲಾಗುವುದು ಜಾಸ್ತಿ ಇನ್ನೊಂದು ಬಗೆಯ ಗೋಚರತೆಯಿಂದ. ಗಂಡಸನ್ನು ಪ್ರೀತಿಸುವ ಗಂಡಸು, ಹೆಂಗಸನ್ನು ಪ್ರೀತಿಸುವ ಹೆಂಗಸು ಅದನ್ನು ಮುಚ್ಚಿಡದೆ ನಮ್ಮ ನಡುವೆಯೇ ದಿನದ ಬದುಕು ನಡೆಸುವುದು, ಅಷ್ಟೇ.

ಹುಬ್ಬಳ್ಳಿಯ ಯಾವುದೋ ಆಫೀಸು ಅಂತಿಟ್ಟುಕೊಳ್ಳಿ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಎಣಗಾಯಿ ನೋಡಿ ಪಕ್ಕದವರು ‘ಭಾರೀ ಐತಲ್ರೀ, ಯಾರ್ ಮಾಡ್ಯಾರ?’ ಅಂತಾರೆ. ಇಷ್ಟು ವರ್ಷ ‘ಮನ್ಯಾಗ ಮಾಡ್ಯಾರ್ರೀ’ ಅಂತ ಜಾರಿಕೊಂಡವನು ಒಂದು ದಿನ ‘ನನ್ನ ಜೋಡಿ ಇರ್ತಾನಲ್ರೀ, ನನ್ನ ಪಾರ್ಟ್ನರ್, ಅಂವ ಮಾಡ್ಯಾನ’ ಅಂದುಬಿಟ್ಟರೆ? ಸ್ವಲ್ಪ ಹೊತ್ತು ಯಾರೂ ರೊಟ್ಟಿ ಮುರಿಯಲಿಕ್ಕಿಲ್ಲ. ಮಾರನೇ ದಿನ ಒಬ್ಬರು ಬೇರೆ ಟೇಬಲ್ಲಿಗೆ ಹೋಗಿ ಕೂರಬಹುದು. ಉಳಿದವರಿಗೆ ಮಾತ್ರ ಅವತ್ತಿನಿಂದ ಗೇ ಅಂದರೆ ಟಿವಿಯಲ್ಲಿ ಕಂಡ ಯಾರೋ ಅಲ್ಲ, ಮಾರ್ಚ್ ತಿಂಗಳಲ್ಲಿ ಲೆಕ್ಕ ತಾಳೆ ಮಾಡಿಕೊಡುವ, ಚಿಗರಿ ಬಸ್ಸಿನಲ್ಲಿ ಸೀಟು ಹಿಡಿದಿಡುವ ಗೆಳೆಯ.

ಗೊತ್ತಾಗದೇ ಉಳಿದರೆ ಏನಾಗುತ್ತೆ? 1986ರಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಮಾಡುವ ಜಾರ್ಜಿಯಾ ರಾಜ್ಯದ ಕಾನೂನೊಂದು ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂತು. ನ್ಯಾಯಮೂರ್ತಿ ಲೂಯಿಸ್ ಪೊವೆಲ್ ‘ನನಗೆ ಗೇ ಆದವರು ಯಾರೂ ಗೊತ್ತಿಲ್ಲ’ ಅಂತ ತಮ್ಮ ಲಾ ಕ್ಲರ್ಕ್, ಅಂದರೆ ತೀರ್ಪಿನ ಕೆಲಸಕ್ಕೆ ನೆರವಾಗುವ ಕಾನೂನು ಸಹಾಯಕನ ಹತ್ತಿರವೇ ಹೇಳಿದ್ದರು. ಆ ಕ್ಲರ್ಕೇ ಗೇ. ಅವನು ಬಾಯಿ ಬಿಡಲಿಲ್ಲ. ಕಾನೂನು 5-4ರಲ್ಲಿ ಉಳಿಯಿತು, ಐವರಲ್ಲಿ ಪೊವೆಲ್ ಒಬ್ಬರು. ನಿವೃತ್ತಿಯಾದ ಮೇಲೆ, 1990ರಲ್ಲಿ, ಬಹುಶಃ ತಪ್ಪು ಮಾಡಿದೆ ಅಂದರು.

ನಮ್ಮಲ್ಲೂ ಅದೇ ಕಥೆ. 2013ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಉಳಿಸುವಾಗ ಸುಪ್ರೀಂ ಕೋರ್ಟ್, ಇವರು ದೇಶದ ಜನರಲ್ಲಿ ತೀರಾ ಸಣ್ಣ ಪಾಲು ಅಂದಿತ್ತು. ಜೈಲಿಗೆ ಹಾಕ್ತೀವಿ ಅಂತ ಕಾನೂನೇ ಹೇಳುವಾಗ ಯಾರು ಮುಂದೆ ಬಂದು ಲೆಕ್ಕಕ್ಕೆ ಸಿಗ್ತಾರೆ? 2018ರ ಸೆಪ್ಟೆಂಬರ್ 6ಕ್ಕೆ ಅದೇ ಕೋರ್ಟು ಇದು ಅಪರಾಧ ಅಲ್ಲ ಅಂದಿತು, ಆ ಭಯ ಹೋಯಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೋರ್ಟು ಸಂಸತ್ತಿನ ಕಡೆಗೆ ತಳ್ಳಿತು. ಅಲ್ಲಿಗೆ ವಕೀಲರ ವಾದ ಸಾಲದು, ಮತ ಹಾಕುವವರು ಬೇಕು.

ಇದನ್ನು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಗೇ ರಾಜಕಾರಣಿ ಹಾರ್ವಿ ಮಿಲ್ಕ್ ಮುಂಚೆಯೇ ಅರಿತಿದ್ದ. ಗೇ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ತೆಗೆಯಬೇಕು ಅನ್ನುವ ಪ್ರಸ್ತಾವ 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ಬಂದಾಗ, ಮನೆಯವರಿಗೆ, ನೆರೆಯವರಿಗೆ, ಜೊತೆಗೆ ಕೆಲಸ ಮಾಡುವವರಿಗೆ ಹೇಳಿಬಿಡಿ ಅಂತ ಸಾರಿದ. ಪ್ರಸ್ತಾವ ಬಿದ್ದುಹೋಯಿತು.

ಎಲ್ಲಮ್ಮನ ಸೇವೆಗೆ ನಿಂತ, ಗಂಡಾಗಿ ಹುಟ್ಟಿ ಹೆಣ್ಣಿನಂತೆ ಬದುಕುವ ಜೋಗಪ್ಪಗಳನ್ನು ನಾವು ಮೊದಲಿನಿಂದ ನೋಡ್ತಿದೀವಲ್ಲ ಅಂತ ಧಾರವಾಡದ ಮಂದಿ ಕೇಳಬಹುದು. ಹೌದು, ಅವರದು ಲಿಂಗ ಗುರುತಿನ ವಿಷಯ, ಇದಕ್ಕಿಂತ ಬೇರೆ. ಆದರೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಅವರಿಗೆ ಕೈಮುಗಿಯುವವರೇ ಅವರು ಬಾಡಿಗೆ ಮನೆ ಕೇಳಿಕೊಂಡು ಬಂದರೆ ‘ಖಾಲಿ ಇಲ್ಲರೀ’ ಅಂತಾರೆ, ಅಲ್ವಾ? ಜಾತ್ರೆಯಲ್ಲಿ ಕಂಡರೆ ಸಾಲದು, ಓಣಿಯಲ್ಲೂ ಕಾಣಬೇಕು.

ಹಾಗಂತ ಇನ್ನೊಬ್ಬರ ಗುಟ್ಟು ರಟ್ಟು ಮಾಡುವುದು ಗೋಚರತೆ ಅಲ್ಲ. ಮನೆ, ಕೆಲಸ ಕಳೆದುಕೊಳ್ಳುವವರು ಅವರು, ನಾವಲ್ಲ. ಹುಬ್ಬಳ್ಳಿಯ ಗೆಳೆಯರಿಗೆ ಹೇಳಿದವನು ಹಾವೇರಿಯಲ್ಲಿರುವ ಅಪ್ಪನಿಗೆ ಹೇಳಿರಬೇಕು ಅಂತೇನಿಲ್ಲ. ಜೋಡಿ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಮೊದಲು ಅವರನ್ನೇ ಒಂದು ಮಾತು ಕೇಳಿ.