ನೆಲದಿಂದ ಏಳುವುದನ್ನು ಮೊದಲು ಕಲಿಯಿರಿ

ಕುಸ್ತಿ, ಜೂಡೋದಂಥ ಹಿಡಿತದ ವಿದ್ಯೆಗಳ ತರಬೇತಿಗೆ ನನ್ನ ಬಳಿ ಸೇರಲು ಬರುವವರು ಮೊದಲ ದಿನವೇ ಕೇಳುವ ಪ್ರಶ್ನೆ: "ಸರ್, ಇದು ಬೀದಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತಾ?" ಬರುತ್ತದೆ. ಆದರೆ ಅವರು ವಿಡಿಯೋದಲ್ಲಿ ನೋಡಿ ಮೆಚ್ಚಿಕೊಂಡು ಬಂದ ಪಟ್ಟುಗಳು ಬಹುಪಾಲು ಅಲ್ಲಿ ಬೇಕಾಗುವುದಿಲ್ಲ.

ಕುಸ್ತಿ, ಜೂಡೋ, ನೆಲದ ಮೇಲಿನ ಹಿಡಿತಕ್ಕೆ ಒತ್ತು ಕೊಡುವ ಬ್ರೆಜಿಲಿಯನ್ ಜಿಯು-ಜಿತ್ಸು, ಈ ಮೂರರ ಬಲವೂ ಇರುವುದು ಅಭ್ಯಾಸದ ಕ್ರಮದಲ್ಲಿ. ಅಭ್ಯಾಸದ ಜೋಡಿಯ ಮುಖಕ್ಕೆ ದಿನವೂ ಪೂರ್ತಿ ಬಲದಿಂದ ಗುದ್ದಿದರೆ ಅವನು ವಾರ ಉಳಿಯುವುದಿಲ್ಲ. ಎಳೆದಾಟ, ತೆಕ್ಕೆ, ಕೆಡವುವುದು ಹಾಗಲ್ಲ. ಸೋಲಲು ಒಪ್ಪದವನ ಜೊತೆ ಪ್ರತಿದಿನ ಪೂರ್ತಿ ಜೋರಿನಲ್ಲೇ ಮಾಡಬಹುದು. ಜಪಾನಿನ ಜಿಗೋರೊ ಕಾನೊ 1882ರಲ್ಲಿ ಜೂಡೋ ಕಟ್ಟಿದಾಗ ಅಪಾಯದ ಹೊಡೆತಗಳನ್ನು ಮುಕ್ತ ಸೆಣಸಿನಿಂದ, ಅಂದರೆ ರಾಂದೋರಿಯಿಂದ, ಹೊರಗಿಟ್ಟರು. ಕಣ್ಣಿಗೆ ಚುಚ್ಚುವ, ಗಂಟಲಿಗೆ ಹೊಡೆಯುವ ಪಟ್ಟುಗಳನ್ನು ಗಾಳಿಯಲ್ಲಷ್ಟೇ ಕಲಿತವನಿಗಿಂತ ಇಂಥ ಸೌಮ್ಯ ಪಟ್ಟುಗಳನ್ನು ಸಾವಿರ ಸಲ ಸೆಣಸಿ ಕಲಿತವನೇ ಗಟ್ಟಿ ಎಂಬುದು ನನ್ನ ಅನುಭವ. ಮೈಮೇಲೆ ಭಾರ ಬಿದ್ದಾಗ ಉಸಿರು ಹಿಡಿದು ಒದ್ದಾಡದಿರುವುದು ಓದಿ ಬರುವ ವಿದ್ಯೆಯಲ್ಲ.

1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯನ್ನು, ಅಂದರೆ ಬೇರೆ ಬೇರೆ ಕಾದಾಟದ ವಿದ್ಯೆಯವರು ಒಬ್ಬರೊಡನೊಬ್ಬರು ಸೆಣಸುವ ಪಂದ್ಯಾವಳಿಯನ್ನು, ಎಲ್ಲರೂ ಉದಾಹರಿಸುತ್ತಾರೆ. ತೂಕದ ವರ್ಗಗಳಿರಲಿಲ್ಲ. ಸುಮಾರು 80 ಕೆಜಿಯ ಜಿಯು-ಜಿತ್ಸು ಪಟು ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಸಣ್ಣ ಮೈಯವನೂ ದೊಡ್ಡವನನ್ನು ಹಿಡಿದು ನಿಲ್ಲಿಸಬಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅಲ್ಲಿ ಎದುರಾಳಿ ಒಬ್ಬನೇ, ಕೈಯಲ್ಲಿ ಚಾಕುವಿಲ್ಲ, ಕೆಳಗೆ ಮೆತ್ತನೆಯ ನೆಲ. ಬೀದಿಯಲ್ಲಿ ಈ ಮೂರರಲ್ಲಿ ಒಂದಕ್ಕೂ ಖಾತ್ರಿಯಿಲ್ಲ.

ಆದ್ದರಿಂದ ನಾನು ಹೊಸಬರಿಗೆ ಮೊದಲು ಕಲಿಸುವುದು ಬೀಳುವುದನ್ನು, ಆಮೇಲೆ ಏಳುವುದನ್ನು. ಜಗಳದಲ್ಲಿ ಗುದ್ದಿಗಿಂತ ಎಷ್ಟೋ ಸಲ ದೊಡ್ಡ ಅಪಾಯ ತಲೆ ಕಾಂಕ್ರೀಟಿಗೆ ಬಡಿಯುವುದು. ಗದ್ದವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ ಬೀಳುವವನ ತಲೆ ಉಳಿಯುತ್ತದೆ. ಏಳುವಾಗ ಒಂದು ಕೈ ಹಿಂದೆ ಊರಿ, ಇನ್ನೊಂದು ಕೈ ಮುಖದ ಮುಂದಿಟ್ಟು, ಸೊಂಟ ಎತ್ತಿ, ಮಡಿಸಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕಣ್ಣು ಎದುರಾಳಿಯ ಮೇಲೇ ಇರಬೇಕು. ನೋಡಲು ಏನೂ ಚೆಂದವಿಲ್ಲ, ವಿಡಿಯೋ ಮಾಡುವವರೂ ಇಲ್ಲ.

ಸ್ಪರ್ಧೆ ಕಲಿಸುವ ಕೆಲವು ಚಾಳಿಗಳು ಹೊರಗೆ ತಿರುಗಿ ಕಚ್ಚುತ್ತವೆ. ಬೆನ್ನು ಮಣ್ಣಾಗಬಾರದೆಂದು ಕುಸ್ತಿಯವನು ಬೋರಲು ಬೀಳುತ್ತಾನೆ, ಜೂಡೋದವನು ಆಮೆಯಂತೆ ಮುದುಡುತ್ತಾನೆ. ಅಂಕ ಉಳಿಯುತ್ತದೆ ನಿಜ, ಆದರೆ ಹಿಂತಲೆ ಒದೆತಕ್ಕೆ ತೆರೆದಿರುತ್ತದೆ. ಜಿಯು-ಜಿತ್ಸುವಿನವನಂತೂ ಬೇಕೆಂದೇ ಅಂಗಾತ ಮಲಗಿ ಎದುರಾಳಿಯನ್ನು ಮೇಲೆಳೆದುಕೊಳ್ಳುತ್ತಾನೆ! ಆ ಎದುರಾಳಿಯ ಗೆಳೆಯ ಪಕ್ಕದಲ್ಲಿ ನಿಂತಿದ್ದರೆ?

ಚಾಕು ಕಂಡರೆ ಓಡಿ. ಓಡಲಾಗದಿದ್ದರೆ ಮಾತ್ರ ಚಾಕು ಹಿಡಿದ ಆ ಒಂದು ಕೈಗೆ ನಿಮ್ಮ ಎರಡೂ ಕೈ. ಆಗಲೂ ಗಾಯವಾಗುತ್ತದೆ ಎಂದೇ ತಿಳಿಯಿರಿ.

ನನ್ನ ಕಣ್ಣಿನಲ್ಲಿ ನಿತ್ಯದ ಬದುಕಿಗೆ ಹೆಚ್ಚು ಒದಗುವುದು ನಿಂತಲ್ಲೇ ಹಿಡಿಯುವ ತೆಕ್ಕೆ. ಕಂಕುಳಡಿ ಕೈ ತೂರಿಸಿ, ತಲೆಯನ್ನು ಎದುರಾಳಿಯ ಎದೆಗೋ ದವಡೆಗೋ ಒತ್ತಿ ಅಂಟಿಕೊಂಡರೆ ಅವನ ಗುದ್ದಿಗೆ ಬೀಸಲು ಜಾಗವಿರುವುದಿಲ್ಲ. ಪಳಗದವನು ಬಹುಬೇಗ ದಣಿಯುತ್ತಾನೆ. ಹೊಡೆಯದೆ ತಡೆಯಬಹುದಾದ ದಾರಿ ಇದು. ಕುಡಿದ ನೆಂಟನನ್ನು ಸುಮ್ಮನಾಗಿಸಬೇಕಾದವರಿಗೆ ಇದರ ಬೆಲೆ ಗೊತ್ತು.

ಕೀಲು ತಿರುಚುವ ಪಟ್ಟುಗಳನ್ನು ನಾನು ಅಷ್ಟು ನಂಬುವುದಿಲ್ಲ. ಅಮಲಿನಲ್ಲಿ, ರೋಷದಲ್ಲಿ ಇರುವವನಿಗೆ ನೋವೇ ತಿಳಿಯುವುದಿಲ್ಲ. ಕತ್ತು ಬಿಗಿಯುವ ಪಟ್ಟು ನೋವನ್ನು ನೆಚ್ಚಿಕೊಂಡದ್ದಲ್ಲ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪಬಹುದು. ಅದಕ್ಕೇ ಇದು ಪ್ರಾಣಕ್ಕೇ ಅಪಾಯ ಬಂದಾಗಿನ ಮಾತು. ಮ್ಯಾಟ್ ಮೇಲೆ ಜೋಡಿಯವನು ಕೈ ತಟ್ಟಿ ಸೋಲೊಪ್ಪುತ್ತಾನೆ, ನಾವು ಬಿಡುತ್ತೇವೆ. ಹೊರಗಿನವನಿಗೆ ತಟ್ಟುವುದು ಗೊತ್ತಿಲ್ಲ. ಅವನ ಮೈ ಸಡಿಲಾದದ್ದನ್ನು ನೀವೇ ಗುರುತಿಸಿ ಕೈ ಬಿಡಬೇಕು.