ಹಳೆಯ ಸ್ಟೀರಿಯೊದಲ್ಲಿ 3000 ವ್ಯಾಟ್ ಇತ್ತು, ಹೊಸದರಲ್ಲಿ 40 ಸಾಕಾ?

ಪ್ರಶ್ನೆ: ನಮ್ಮ ಮಿನಿ ಸ್ಟೀರಿಯೊ ಹಳೆಯದಾಗಿದೆ. ಸಿಡಿ ಓದುವುದಿಲ್ಲ, ಕ್ಯಾಸೆಟ್ ಬಾಗಿಲು ತೆರೆಯುವುದಿಲ್ಲ. ಅದರ ಮೇಲೆ 3000 ವ್ಯಾಟ್ ಅಂತ ಬರೆದಿದೆ. ಈಗ ನೋಡುತ್ತಿರುವ ಸ್ಪೀಕರ್‌ಗಳು ಬರೀ 40 ವ್ಯಾಟ್. ಕೋಣೆ ಚಿಕ್ಕದೇ, ಆದರೂ ಇಷ್ಟು ಸಾಕಾ?

ಉತ್ತರ: ಸಾಕು. ಜಾಸ್ತಿಯೇ ಆಯಿತು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಮೊದಲು ಸ್ಟೀರಿಯೊ ತಿರುಗಿಸಿ ಹಿಂದಿನ ಚೀಟಿ ನೋಡಿ. ಅದು ಗೋಡೆಯ ಪ್ಲಗ್ಗಿನಿಂದ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಅಲ್ಲಿ ಬರೆದಿರುತ್ತದೆ. ಇಂಥ ಸೆಟ್‌ಗಳಲ್ಲಿ ಅದು ಹೆಚ್ಚಾಗಿ ನೂರರ ಆಸುಪಾಸು ಇರುತ್ತದೆ. ನೂರು ವ್ಯಾಟ್ ಎಳೆಯುವ ಯಂತ್ರ 3000 ವ್ಯಾಟ್ ಎಲ್ಲಿಂದ ತರುತ್ತದೆ? ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪ್ಯಾಸಿಟರ್‌ಗಳು ಕಣ್ಣು ಮಿಟುಕಿಸುವಷ್ಟು ಹೊತ್ತು ಹೆಚ್ಚು ಕೊಡಬಹುದು, ಅಷ್ಟೇ.

ಹಾಗಾದರೆ 3000 ಎಲ್ಲಿಂದ ಬಂತು? ಅದರ ಪಕ್ಕದಲ್ಲಿ ಪಿಎಂಪಿಒ ಎಂಬ ನಾಲ್ಕು ಅಕ್ಷರ ಇರಬೇಕು, ಹುಡುಕಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ರೀತಿಯೇ ಇಲ್ಲ. ಒಂದು ಕ್ಷಣದ ಗರಿಷ್ಠ ಶಕ್ತಿ, ಅದೂ ಸದ್ದು ಒಡೆದು ಹೋದರೂ ಪರವಾಗಿಲ್ಲ ಎಂದುಕೊಂಡು, ಎಲ್ಲಾ ಸ್ಪೀಕರ್‌ಗಳದ್ದನ್ನೂ ಕೂಡಿಸಿ ಬರೆದ ಅಂಕಿ. ಅಮೆರಿಕದಲ್ಲಂತೂ ಇಂಥ ಉಬ್ಬಿಸಿದ ಅಂಕಿಗಳ ಕಾಟಕ್ಕೆ, ಮನೆಯ ಆಂಪ್ಲಿಫೈಯರ್‌ನ (ಸ್ಪೀಕರ್‌ಗೆ ಶಕ್ತಿ ಕೊಡುವ ಭಾಗ) ವ್ಯಾಟ್ ಹೇಗೆ ಅಳೆದು ಹೇಳಬೇಕೆಂದು 1974ರಲ್ಲೇ ಸರ್ಕಾರ ನಿಯಮ ತರಬೇಕಾಯಿತು. ನೀವು ನೋಡಬೇಕಾದದ್ದು ಆರ್‌ಎಂಎಸ್ ಅಂತ ಬರೆದಿರುವ ಅಂಕಿಯನ್ನು, ಅಂದರೆ ಒಂದೇ ಕ್ಷಣಕ್ಕಲ್ಲ, ಬಿಡದೆ ಕೊಡಬಲ್ಲ ಶಕ್ತಿಯನ್ನು. ನಿಮ್ಮ ಹೊಸ ಸ್ಪೀಕರ್‌ನ 40 ಅದೇ ಆಗಿದ್ದರೆ, ಅದು ದುಡಿದು ತೋರಿಸುವ 40.

ಇಷ್ಟು ಹೇಳಿದ ಮೇಲೂ "80 ವ್ಯಾಟ್ ತಗೊಂಡರೆ ಎರಡರಷ್ಟು ಜೋರು ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಗಮನಿಸಿದರೆ ಗೊತ್ತಾಗುವಷ್ಟು. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಸಾಧಾರಣ ಪುಸ್ತಕದ ಕಪಾಟಿನ ಸ್ಪೀಕರ್ ಒಂದೇ ಒಂದು ವ್ಯಾಟ್‌ಗೆ, ಒಂದು ಮೀಟರ್ ದೂರದಲ್ಲಿ, 85 ಡೆಸಿಬಲ್ ಹತ್ತಿರ ಕೊಡುತ್ತದೆ. ನಾವು ಮಾತಾಡುವುದು 60ರಲ್ಲಿ. ಚಿಕ್ಕ ಕೋಣೆಯಲ್ಲಿ ನೀವು ಹಾಡು ಕೇಳುವ ಹೆಚ್ಚಿನ ಹೊತ್ತು ಆಂಪ್ಲಿಫೈಯರ್ ಒಂದೆರಡು ವ್ಯಾಟ್ ದಾಟುವುದೇ ಇಲ್ಲ. ಉಳಿದದ್ದು ತಬಲೆಯ ಏಟಿನಂಥ ಗಳಿಗೆಗೆ ಬೇಕಾದ ಮೀಸಲು. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಯಾವ ಡಬ್ಬದ ಅಂಕಿಯೂ ನಿಮ್ಮನ್ನು ಏಮಾರಿಸಲಾರದು.

ಈಗ ಏನು ತಗೊಳ್ಳುವುದು? ಕೆಟ್ಟಿರುವುದು ಸಿಡಿ ಮತ್ತು ಕ್ಯಾಸೆಟ್ ಭಾಗ ಮಾತ್ರವಾದರೆ ಏನೂ ಬೇಡ. ಹಿಂದೆ ಆಕ್ಸ್ ತೂತು (ಬೇರೆ ಸಾಧನದ ಹಾಡನ್ನು ಒಳಗೆ ಕೊಡುವ ಜಾಗ) ಇದ್ದರೆ ಅದಕ್ಕೊಂದು ಬ್ಲೂಟೂತ್ ರಿಸೀವರ್ ಸಿಕ್ಕಿಸಿ, ಮೊಬೈಲ್‌ನಿಂದ ಹಾಡು ಬರುತ್ತದೆ. ಆಂಪ್ಲಿಫೈಯರೂ ಹೋಗಿದ್ದರೆ ಸ್ಪೀಕರ್‌ಗಳನ್ನು ಉಳಿಸಿಕೊಳ್ಳಬಹುದಾ ನೋಡಿ. ಜಾಲರಿ ತೆಗೆದು, ಅದುರಿ ಸದ್ದು ಹೊರಡಿಸುವ ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಸ್ಪಂಜಿನ ಅಂಚು ಪುಡಿಯಾಗಿ ಉದುರಿದರೆ ಅದರ ಕಾಲ ಮುಗಿಯಿತು. ಗಟ್ಟಿಯಾಗಿದ್ದರೆ ಚಿಕ್ಕ ಆಂಪ್ಲಿಫೈಯರ್ ಸಾಕು, ಸ್ಪೀಕರ್ ಹಿಂದೆ ಬರೆದ ಓಮ್ (ವಿದ್ಯುತ್ತಿಗೆ ಅದು ಒಡ್ಡುವ ತಡೆಯ ಅಳತೆ) ಅದಕ್ಕೆ ಒಪ್ಪಬೇಕು. ಆದರೆ ಒಂದೊಂದು ಸ್ಪೀಕರ್‌ನಿಂದ ಎರಡರ ಬದಲು ನಾಲ್ಕು ತಂತಿ ಹೊರಟಿದ್ದರೆ ಸುಮ್ನೆ ಬೇರೆ ಆಂಪ್ಲಿಫೈಯರ್‌ಗೆ ಜೋಡಿಸಬೇಡಿ. ಅಂಥವುಗಳಲ್ಲಿ ದೊಡ್ಡ ಕೋನಿಗೂ, ಕೀಚಲು ಸದ್ದಿನ ಚಿಕ್ಕ ಸ್ಪೀಕರ್ ಆದ ಟ್ವೀಟರ್‌ಗೂ ಸದ್ದನ್ನು ಹಂಚುವ ಕೆಲಸ ಹಳೆಯ ಪೆಟ್ಟಿಗೆಯೊಳಗೇ ನಡೆಯುತ್ತಿರಬಹುದು. ತಪ್ಪು ತಂತಿ ಕೂಡಿಸಿದರೆ ಟ್ವೀಟರ್ ಸುಟ್ಟುಹೋಗಬಹುದು.

ಎಲ್ಲವೂ ಹೋಗಿದ್ದರೆ, ಆಂಪ್ಲಿಫೈಯರ್ ಒಳಗೇ ಇರುವ ಒಂದು ಜೊತೆ ಸ್ಪೀಕರ್ ತಗೊಳ್ಳಿ. ಒಂಟಿ ಬ್ಲೂಟೂತ್ ಡಬ್ಬ ಬೇಡ. ಎಡ ಬಲ ಬೇರೆಯಾಗಿ ಕೇಳಿಸಬೇಕಾದರೆ ಎರಡು ಪೆಟ್ಟಿಗೆಗಳ ನಡುವೆ ಅಂತರ ಇರಲೇಬೇಕು.

ಅವುಗಳನ್ನು ಎಲ್ಲಿ ಇಡುವುದು ಅಂತ ನೀವು ಕೇಳಿಲ್ಲ. ನನಗೆ ಮಾತ್ರ ವ್ಯಾಟ್‌ಗಿಂತ ಅದೇ ಮುಖ್ಯ. ಮೂಲೆಗೆ ಒತ್ತಿದರೆ ಬಾಸ್ ಉಬ್ಬುತ್ತದೆ, ಹಾಡುಗಾರನ ಗಂಟಲು ಮಸುಕಾಗುತ್ತದೆ. ಗೋಡೆಯಿಂದ ಒಂದು ಗೇಣಾದರೂ ಮುಂದೆ ತನ್ನಿ, ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಕೋಣೆಗೂ ಒಂದು ಸ್ವಂತ ಸ್ವರ ಇರುತ್ತದೆ. 3 ಮೀಟರ್ ಉದ್ದದ ಕೋಣೆ 57 ಹರ್ಟ್ಸ್ ಹತ್ತಿರದ ಸದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಸದ್ದು ಎರಡು ಗೋಡೆಗಳ ಬಳಿ ಜೋರು, ನಟ್ಟನಡುವೆ ತೆಳು. ಬಾಸ್ ಚೆನ್ನಾಗಿರುವ, ನಿಮಗೆ ಬಾಯಿಪಾಠವಾಗಿರುವ ಹಾಡು ಹಾಕಿ ಈ ಗೋಡೆಯಿಂದ ಆ ಗೋಡೆಗೆ ನಿಧಾನವಾಗಿ ನಡೆಯಿರಿ. ನಡುವೆ ಬಾಸ್ ಇಳಿಯುವುದು, ಮತ್ತೆ ಏರುವುದು ನಿಮ್ಮ ಕಿವಿಗೇ ಸಿಗುತ್ತದೆ. ಕುರ್ಚಿ ಆ ತೆಳು ಜಾಗದಲ್ಲಿದ್ದರೆ ಎರಡಡಿ ಹಿಂದಕ್ಕೆ ಎಳೆದುಕೊಂಡು ಅದೇ ಹಾಡನ್ನು ಇನ್ನೊಮ್ಮೆ ಕೇಳಿ.